ಬಲಗಿವಿಯ ಚಿತ್ರ

ನನ್ನ ಕೆಲಸದಲ್ಲಿ ಜನರ ಹೆಸರಿಗಿಂತ ಮೊದಲು ನೆನಪಾಗುವುದು ಅವರ ನೋವು. ಬಸ್ ಓಡಿಸುವವರ ಸೊಂಟ, ಪಕ್ಕದ ಓಣಿಯ ಅಜ್ಜಿಯ ಮಂಡಿ, ಕಾಲೇಜು ಹುಡುಗಿಯ ಭುಜ. ಪುಣೆಯ ಧನಕವಡಿಯಲ್ಲಿ ಒಂದು ಸಣ್ಣ ಫಿಜಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡಿರುವ ನನಗೆ ಇದು ಅಭ್ಯಾಸವಾಗಿಬಿಟ್ಟಿದೆ. ನಾನು ಹೇಳಹೊರಟಿರುವ ಕಲಾವಿದರು ಪರಿಚಯವಾದದ್ದೂ ಹಾಗೆಯೇ. ಬಲಗೈ, ಹೆಬ್ಬೆರಳಿನ ಬುಡ. ಅಂಗೈ ನಡುವೆ ನಾಣ್ಯದಷ್ಟು ಜಾಗ ಕಲ್ಲಿನಂತೆ ಗಟ್ಟಿಯಾಗಿತ್ತು. ಉಗುರಿನ ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಆ ಕೈಯನ್ನು ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿದು, ತಿರುಗಿಸಿ, ಒತ್ತಿದ್ದೇನೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಪತ್ರಿಕೆಯಲ್ಲಿ ಬರುವಷ್ಟು ದೊಡ್ಡ ಹೆಸರೇನಲ್ಲ. ಇಲ್ಲಿಯೂ ಹೆಸರು ಹೇಳುವುದಿಲ್ಲ. ಹೆಸರು ಕೂಗಿಸಿಕೊಳ್ಳುವುದೆಂದರೆ ಅವರಿಗೆ ಮುಜುಗರ.

ಮೊದಲ ದಿನ ಅವರು ಮರಾಠಿಯಲ್ಲೇ ಮಾತಾಡಿದರು. ಬೆರಳು ಜೋಮು ಹಿಡಿಯುತ್ತದೆ, ಬೆಳಿಗ್ಗೆ ಚಹಾದ ಕಪ್ಪು ಜಾರುತ್ತದೆ, ಇಷ್ಟೇ. ನಾನು ಕೈ ಪರೀಕ್ಷಿಸುತ್ತಿರುವಾಗ ಹಾಸನದಿಂದ ಅಮ್ಮನ ಫೋನ್ ಬಂತು. "ಪೇಷೆಂಟ್ ಇದ್ದಾರೆ, ಆಮೇಲೆ ಮಾಡ್ತೀನಮ್ಮ" ಎಂದು ಇಟ್ಟೆ. ತಲೆ ಎತ್ತಿದರೆ ಅವರ ಮುಖವೇ ಬೇರೆಯಾಗಿತ್ತು.

"ಕನ್ನಡದವ್ರೇನ್ರಿ?" ಎಂದರು. ಕೇಳಿದ್ದು ಎಷ್ಟು ಮೆಲ್ಲಗೆ ಎಂದರೆ, ತಪ್ಪಾಗಿ ಬೇರೆ ಯಾರದೋ ಬಾಗಿಲು ಬಡಿದವರ ಹಾಗೆ.

"ಹೌದು ಸರ್. ಹಾಸನ."

"ನಾವು ಕಲಬುರ್ಗಿ ಕಡಿಯವ್ರು. ಇಲ್ಲಿ ಬಂದು ಭಾಳ ವರ್ಷ ಆತು. ಈಗ ಕನ್ನಡ ಬಾಯಾಗ ಬರೋಕಿಂತ ಮೊದ್ಲ ಮರಾಠಿ ಬರ್ತದ್ರಿ."

ಕಲಾಶಾಲೆಯಲ್ಲಿ ಓದಲು ಪುಣೆಗೆ ಬಂದವರು. ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯಲ್ಲಿ ರಟ್ಟಿನ ಡಬ್ಬಿಗಳ ಮೇಲಿನ ಚಿತ್ರ ಬರೆಯುವ ಕೆಲಸ ಮಾಡಿಕೊಂಡಿದ್ದರು. ಬೆಳಿಗ್ಗೆ ಕಂಪನಿ ಬಸ್, ಸಂಜೆ ಕಂಪನಿ ಬಸ್, ಉಳಿದ ಹೊತ್ತೆಲ್ಲ ಲಿನೋ. ಐವತ್ತು ದಾಟಿದ ಮೇಲೆ ಕೆಲಸ ಬಿಟ್ಟು, ನನ್ನ ಕ್ಲಿನಿಕ್‌ನ ಹಿಂದಿನ ಓಣಿಯ ಹಳೆಯ ಕಟ್ಟಡದಲ್ಲಿ, ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದರು.

ಲಿನೋ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಮರುದಿನ ಅವರೇ ಒಂದು ತುಂಡು ತಂದು ಮೇಜಿನ ಮೇಲಿಟ್ಟರು. ಕಂದು ಬಣ್ಣದ, ದಪ್ಪ ಚರ್ಮದಂತೆ ಬಾಗುವ ಹಾಳೆ. ಅದರ ಮೇಲೆ ಚಿತ್ರ ಬರೆದು, ಬೆಳ್ಳಗೆ ಕಾಣಬೇಕಾದ ಜಾಗವನ್ನೆಲ್ಲ ಸಣ್ಣ ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ಉಬ್ಬಿ ಉಳಿದ ಭಾಗಕ್ಕೆ ರೋಲರ್‌ನಲ್ಲಿ ಮಸಿ ಹಚ್ಚಿ, ಮೇಲೆ ಕಾಗದ ಹಾಸಿ ಉಜ್ಜಿದರೆ ಚಿತ್ರ ಮೂಡುತ್ತದೆ. ಮೂಡುವುದು ಮಾತ್ರ ತಿರುವುಮುರುವಾಗಿ. ಎಡಗಡೆ ಇದ್ದದ್ದು ಬಲಕ್ಕೆ ಬರುತ್ತದೆ. ಆದ್ದರಿಂದ ಮೊದಲೇ ಎಲ್ಲವನ್ನೂ ತಿರುಗಿಸಿ ಬರೆದುಕೊಳ್ಳಬೇಕು.

"ಮೂಸಿ ನೋಡ್ರಿ" ಎಂದರು. ಮೂಸಿದೆ. ಎಣ್ಣೆಯ ಒಗರು ವಾಸನೆ.

"ಅಗಸಿ ಎಣ್ಣಿ. ಅದರಾಗೇ ಇದನ್ನ ಮಾಡ್ತಾರ. ನಮ್ಮವ್ವ ಅಗಸಿ ಹಿಂಡಿ ಕುಟ್ಟಿದಾಗ ಮನಿ ತುಂಬ ಹಿಂಗೇ ವಾಸನಿ ಬರ್ತಿತ್ತು. ಕಾಲೇಜಿನಾಗ ಉಳಿದವ್ರು ಬಣ್ಣ ಹಿಡದ್ರು, ಕಲ್ಲು ಹಿಡದ್ರು. ನಾ ಇದರ ವಾಸನಿಗೆ ಬಿದ್ದೆ."

ಚಳಿಗಾಲದಲ್ಲಿ ಲಿನೋ ಸೆಟೆದುಕೊಳ್ಳುತ್ತದೆ, ಉಳಿ ಜಾರುತ್ತದೆ. ಬಿಸಿಲಿಗಿಟ್ಟು ಮೆತ್ತಗೆ ಮಾಡಿಕೊಳ್ಳಬೇಕು. ಬಿಸಿಲು ಬಾರದ ದಿನ ಅವರು ಅದರ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರಂತೆ. "ಕೋಳಿ ತತ್ತಿ ಮ್ಯಾಲೆ ಕುಂತಂಗ" ಎಂದು ತಮ್ಮ ಬಗ್ಗೆ ತಾವೇ ನಕ್ಕರು. ಕೆತ್ತಿದ ಲಿನೋದ ಸುರುಳಿ ಚೂರುಗಳು ಅವರ ಅಂಗಿಗೆ ಅಂಟಿಕೊಂಡು ಬಂದು ನನ್ನ ಕ್ಲಿನಿಕ್‌ನ ಹಾಸಿಗೆಯ ಮೇಲೆ ಉದುರುತ್ತಿದ್ದವು. ಅವರು ಹೋದ ಮೇಲೆ ಗುಡಿಸುವುದು ನನ್ನ ಕೆಲಸ.

ಒಂದು ಸಲ ಮನೆಗೆ ಹೋಗಿ ಚಿತ್ರಗಳನ್ನು ನೋಡಿದೆ. ಹಾಲ್‌ನಲ್ಲಿ ಉದ್ದಕ್ಕೂ ದಾರ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್‌ಗಳಲ್ಲಿ ಕಾಗದಗಳನ್ನು ತೂಗುಹಾಕಿದ್ದರು. ಬಸ್‌ಸ್ಟಾಪಿನ ಬೆಂಚು. ಕಾತ್ರಜ್ ಘಾಟಿನ ತಿರುವು. ಕಟಿಂಗ್ ಅಂಗಡಿಯ ಕುರ್ಚಿ, ಅದರ ಮೇಲೆ ಮಡಚಿಟ್ಟ ಟವೆಲ್. ಎಲ್ಲ ಕಪ್ಪು ಬಿಳುಪು. ಬೆಂಚಿನ ಮರದ ನಾರು, ಟವೆಲಿನ ಎಳೆ ಎಲ್ಲ ಕೈಗೆ ಸಿಗುವ ಹಾಗಿದ್ದವು. ಯಾವ ಚಿತ್ರದಲ್ಲೂ ಮನುಷ್ಯರಿರಲಿಲ್ಲ. ಈಗಷ್ಟೇ ಎದ್ದುಹೋದಂತೆ ಕಾಣುತ್ತಿತ್ತು, ಅಷ್ಟೇ.

"ಜನರನ್ನ ಯಾಕೆ ಮಾಡಲ್ಲ ಸರ್?" ಎಂದೆ.

"ಮಂದಿನ ಕೆತ್ತಬೇಕಂದ್ರ ಮಂದಿ ಬೇಕಲ್ರಿ" ಎಂದರು.

ಮದುವೆಯಾಗಿತ್ತು. ಹೆಂಡತಿ ಪುಣೆಯವರೇ, ಮರಾಠಿಯವರು. ಕೆಲವು ವರ್ಷ ಜೊತೆಗಿದ್ದು ನಾಗಪುರದ ಅಕ್ಕನ ಮನೆಗೆ ಹೋದವರು ಅಲ್ಲಿಯೇ ಕೆಲಸ ಹಿಡಿದು ಉಳಿದುಬಿಟ್ಟರು. ತಮ್ಮ ಹಿಂದಿನ ಬದುಕಿನ ಬಗ್ಗೆ, ನಾನು ಕೇಳದೆಯೇ ಅವರು ಹೇಳಿದ ವಿಷಯ ಅದೊಂದೇ. "ಜಗಳ ಏನಿದ್ದಿಲ್ರಿ. ಜಗಳ ಆಡಬೇಕಂದ್ರೂ ಮಾತಾಡಬೇಕಲ್ಲ. ನಾ ಅಷ್ಟೂ ಮಾತಾಡ್ಲಿಲ್ಲ." ಆಗ ನಾನು ಅವರ ಮಣಿಕಟ್ಟನ್ನು ಬಿಸಿ ನೀರಿನ ಚೀಲದಿಂದ ಕಾಯಿಸುತ್ತಿದ್ದೆ. ಅವರು ಗಾಜಿನ ಬಾಗಿಲನ್ನೇ ನೋಡುತ್ತಿದ್ದರು. ಹೊರಗಿನವರಿಗಾಗಿ ಬರೆಸಿದ ನನ್ನ ಕ್ಲಿನಿಕ್‌ನ ಹೆಸರು ಒಳಗಿನಿಂದ ಉಲ್ಟಾ ಕಾಣುತ್ತದೆ. ಅದನ್ನು ಅವರು ಸರಾಗವಾಗಿ ಓದುತ್ತಿದ್ದರು. ಒಂದು ಅಕ್ಷರದ ಕಾಲು ಸೊಟ್ಟಗಿದೆ ಎಂದು ಪೇಂಟರ್‌ನ ಮೇಲೆ ದೂರು ಹೇಳಿದರು.

ಅವರ ಕೈಗೆ ಆಗಿದ್ದು ಹೊಸ ರೋಗವೇನೂ ಅಲ್ಲ. ವರ್ಷಗಟ್ಟಲೆ ಒಂದೇ ರೀತಿಯಲ್ಲಿ ಉಳಿ ತಳ್ಳಿದ್ದರಿಂದ ಮಣಿಕಟ್ಟಿನ ನರ ಒತ್ತಿಹೋಗಿತ್ತು. ಹೆಬ್ಬೆರಳು ದಿನದಿಂದ ದಿನಕ್ಕೆ ಸೋಲುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದರೆ ಒಪ್ಪಲಿಲ್ಲ. ಕೆಲವು ತಿಂಗಳು ಉಳಿ ಮುಟ್ಟಬೇಡಿ ಎಂದರೆ, "ಆಮ್ಯಾಲೆ ಮುಟ್ಟಂಗಿಲ್ರಿ. ಇದೊಂದು ಮುಗೀಲಿ" ಎಂದರು.

ಆ 'ಇದೊಂದು' ಏನೆಂದು ತಿಳಿಯಲು ನನಗೆ ಕೆಲವು ವಾರ ಹಿಡಿಯಿತು.

ಅವರ ಕಟ್ಟಡದ ಹಿಂದೆ ಎತ್ತರದ ಅಪಾರ್ಟ್‌ಮೆಂಟ್ ಒಂದು ಏಳುತ್ತಿತ್ತು. ಕಾಂಪೌಂಡಿನ ಆಚೆ ಕೆಲಸಗಾರರ ತಗಡಿನ ಶೆಡ್ಡುಗಳು. ಅಲ್ಲಿದ್ದವರು ಹೆಚ್ಚಿನವರು ಯಾದಗಿರಿ ಕಡೆಯವರು. ಒಂದು ದಿನ ಇವರ ಹಾಲ್‌ನಿಂದ ಒಂದು ಚಿತ್ರ ಗಾಳಿಗೆ ಹಾರಿ ಆಚೆ ಬಿತ್ತು. ಇಳಿದು ಹೋಗಿ ಗೋಡೆಯ ಮೇಲಿಂದ ಇಣುಕಿದರೆ, ಸಿಮೆಂಟಿನ ಬುಟ್ಟಿ ಪಕ್ಕಕ್ಕಿಟ್ಟು ಒಬ್ಬ ಹೆಣ್ಣುಮಗಳು ಅದನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತಿದ್ದಳು. ಇವರು ಮರಾಠಿಯಲ್ಲಿ ಕೇಳಿದರು. ಅವಳು, "ಜೋರಾಗಿ ಹೇಳ್ರಿ ಕಾಕಾ, ಈ ಕಿವಿ ನನಗ ಕೇಳಂಗಿಲ್ಲ" ಎಂದು ಕನ್ನಡದಲ್ಲೇ ಹೇಳಿ ಎಡಗಿವಿ ತಿರುಗಿಸಿದಳು. ಅವಳ ಹೆಸರು ಶರಣಮ್ಮ. ಚಿಕ್ಕವಳಿದ್ದಾಗ ಜ್ವರ ಬಂದು ಬಲಗಿವಿ ಹೋಗಿತ್ತು.

ಅಲ್ಲಿಂದ ಶುರುವಾಯಿತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ಗೋಡೆಯ ಆ ಬದಿ, ಇವರು ಈ ಬದಿ. ಅವಳು ಒಣಗಿಸಿದ ಕಟಕ ರೊಟ್ಟಿ ಕೊಡುವಳು, ಇವರು ಚಕ್ಕುಲಿಯ ಪೊಟ್ಟಣ ಕೊಡುವರು. ಮಾತೆಂದರೆ ದೊಡ್ಡದೇನೂ ಅಲ್ಲ. ಊರಲ್ಲಿ ಮಳೆ ಬಂತೋ ಇಲ್ಲವೋ, ಗಂಡ ಇವತ್ತು ಯಾವ ಮಹಡಿಯಲ್ಲಿ ಕೆಲಸಕ್ಕಿದ್ದಾನೆ, ಈ ಊರಿನ ಮೆಣಸಿನಕಾಯಿಗೆ ಖಾರವೇ ಇಲ್ಲ, ಇಂಥವು. ಅದನ್ನೆಲ್ಲ ಅವರು ನನಗೆ ಒಂದೂ ಬಿಡದೆ ಹೇಳುತ್ತಿದ್ದರು. ವರ್ಷಾನುಗಟ್ಟಲೆ ಬಾಯಿ ಕಟ್ಟಿಕೊಂಡಿದ್ದ ಮನುಷ್ಯ ಗೋಡೆಯ ಬುಡದಲ್ಲಿ ಕೇಳಿದ ಮಾತನ್ನು ನನ್ನ ಮುಂದೆ ಮತ್ತೊಮ್ಮೆ ಆಡಿ ಸುಖಪಡುತ್ತಿದ್ದಾರೆ ಎನಿಸುತ್ತಿತ್ತು. ಕೈಗೆ ಚಿಕಿತ್ಸೆ ಬೇಕಿಲ್ಲದ ದಿನವೂ ಬರುತ್ತಿದ್ದರು. ನಾನೂ ಬೇಡ ಎನ್ನಲಿಲ್ಲ.

ಶರಣಮ್ಮ ಊರಿನಲ್ಲಿದ್ದ ತಾಯಿಯೊಡನೆ ಫೋನಿನಲ್ಲಿ ಮಾತಾಡುವಾಗ ನೀರಿನ ಟ್ಯಾಂಕಿನ ಕಟ್ಟೆ ಹತ್ತಿ ನಿಲ್ಲುತ್ತಿದ್ದಳಂತೆ. ಅಲ್ಲಿ ಮಾತ್ರ ಸಿಗ್ನಲ್ಲು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಸೊಂಟದ ಮೇಲೆ, ಮುಖ ಮೇಲಕ್ಕೆ. ಅದನ್ನು ಅವರು ಕೆತ್ತಲು ಹಿಡಿದಿದ್ದರು. ಜೀವಮಾನದಲ್ಲಿ ಅವರು ಮಾಡಿದ ಮೊದಲ ಮನುಷ್ಯರ ಚಿತ್ರ. ಹಾಳೆಯೂ ಎಲ್ಲಕ್ಕಿಂತ ದೊಡ್ಡದು.

ಶೆಡ್ಡುಗಳನ್ನು ಕಿತ್ತ ಬೆಳಿಗ್ಗೆ ಅವರು ನನ್ನ ಕ್ಲಿನಿಕ್‌ನಲ್ಲಿದ್ದರು. ಕಟ್ಟಡದ ಕೆಲಸ ಮುಗಿಯುತ್ತ ಬಂದದ್ದು ಗೊತ್ತಿತ್ತು, ಆದರೆ ಇಂದೇ ಎಂದು ಗೊತ್ತಿರಲಿಲ್ಲ. ಮನೆಗೆ ಹೋದವರು ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಬಾಗಿಲಲ್ಲಿ ನಿಂತರು.

"ಹ್ವಾದ್ರು" ಎಂದರು. "ತಗಡೂ ಇಲ್ಲ, ಒಲಿ ಕಲ್ಲೂ ಇಲ್ಲ. ಲಾರಿ ಬಂದಿತ್ತಂತ."

"ಫೋನ್ ನಂಬರ್ ಇಲ್ವಾ ಸರ್?"

"ಗ್ವಾಡಿ ಆಚಿ ಇದ್ದಾಕಿ ನಂಬರ್ ಯಾಕ ಬೇಕಂತ ಕೇಳಿದ್ದಿಲ್ರಿ."

ಆಮೇಲೆ ಅವರು ಕೆಲವು ದಿನ ಬರಲಿಲ್ಲ. ಬಂದಾಗ ಹೆಬ್ಬೆರಳು ಊದಿಕೊಂಡಿತ್ತು. ನಾನು ಬೈದೆ. ಮಕ್ಕಳನ್ನು ಬೈದಂತೆಯೇ ಬೈದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಮುಗೀತ್ರಿ. ಖರೇ, ದೊಡ್ಡ ತಪ್ಪಾಗ್ಯದ" ಎಂದರು.

ನಾನು ಹೋಗಿ ನೋಡಿದೆ. ನೆಲದ ಮೇಲೆ ಹಾಸಿದ ಕಾಗದದಲ್ಲಿ ಶರಣಮ್ಮ ನಿಂತಿದ್ದಳು. ಹಿಂದೆ ಅರ್ಧ ಕಟ್ಟಿದ ಮಹಡಿಗಳು, ಕಬ್ಬಿಣದ ಸರಳುಗಳು, ಕೆಳಗೆ ಟ್ಯಾಂಕಿನ ಕಟ್ಟೆ. ಗಾಳಿಗೆ ಹಾರಿದ ಸೆರಗಿನ ಒಂದೊಂದು ಗೆರೆಯನ್ನೂ ಆ ಸೋತ ಹೆಬ್ಬೆರಳೇ ಕೆತ್ತಿತ್ತು. ಕೆಲವು ಗೆರೆ ನಡುಗಿವೆ. ಆ ನಡುಕದಿಂದಲೇ ಸೆರಗಿಗೆ ಗಾಳಿ ಬಂದಂತಿತ್ತು. ನಾನು ಬಗ್ಗಿ ಆ ಸೆರಗನ್ನೇ ನೋಡಿದೆ. ಆದರೆ ಅವರ ಬೆರಳು ಫೋನು ಹಿಡಿದ ಕೈಯನ್ನು ತೋರಿಸುತ್ತಿತ್ತು.

"ಬಲಗಿವಿ" ಎಂದರು. "ಫೋನು ಬಲಗಿವಿಗೆ ಬಂದದ. ಅವಸರಕ್ಕ ಕಿಟಕ್ಯಾಗ ನಿಂತು ಸೀದಾ ಲಿನೋದ ಮ್ಯಾಲೇ ಬರೆದೆ. ತಿರುಗಿಸಿ ಬರೀಬೇಕನ್ನೋದು ಮರ್ತೇ ಹೋತು. ಹುಡುಗ್ರಿಗೆ ಮೊದ್ಲನೇ ದಿನ ಹೇಳಿಕೊಡೋ ಪಾಠ ಅದು. ಆಕಿ ಇಲ್ಲೀತನಕ ಒಂದು ದಿನಾನೂ ನನ್ನ ಕಡಿ ಆ ಕಿವಿ ತಿರುಗಿಸಿಲ್ಲ."

ಇನ್ನೊಮ್ಮೆ ಕೆತ್ತುವ ಶಕ್ತಿ ಆ ಕೈಗಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಚಿತ್ರಗಳನ್ನು ಮಾರಿಕೊಡುತ್ತಿದ್ದ ಗ್ಯಾಲರಿಯವರು ಬಂದು ನೋಡಿ, ಇದು ನಿಮ್ಮ ಎಲ್ಲ ಕೆಲಸಗಳಿಗಿಂತ ಮೇಲು, ಪ್ರದರ್ಶನ ಮಾಡೋಣ ಎಂದರಂತೆ. ಕಿವಿಯ ವಿಷಯ ಹೇಳಿದರೆ ನಕ್ಕು, ನೋಡುವವರಿಗೆ ಹೇಗೆ ತಿಳಿಯುತ್ತದೆ ಎಂದರಂತೆ. "ಆಕಿಗೆ ತಿಳೀತದಲ್ರಿ" ಎಂದು ನನ್ನೆದುರು ಸಿಟ್ಟಾದರು. ಅವರು ಸಿಟ್ಟಾದದ್ದು ನಾನು ನೋಡಿದ್ದು ಅದೊಂದೇ ಸಲ.

ಅವಳಿಗೆ ತೋರಿಸದೆ ಇನ್ನಾರಿಗೂ ತೋರಿಸುವುದಿಲ್ಲ ಎಂದು ಹಟ ಹಿಡಿದರು. ಹೊಸ ಕಟ್ಟಡದ ವಾಚ್‌ಮನ್, ಆ ಗುಂಪು ತಳೇಗಾಂವ ಕಡೆ ಹೋಯಿತು ಎಂದಷ್ಟೇ ಹೇಳಿದ್ದ. ಒಂದು ಭಾನುವಾರ ನನ್ನನ್ನು ಕೇಳಿದರು: "ನೀವೂ ಬರ್ತೀರೇನ್ರಿ ಡಾಕ್ಟರ್ ಬಾಯಾರ? ಒಬ್ಬನೇ ಹೋಗಿ ಹೆಣ್ಮಗಳನ್ನ ಹುಡುಕಿದ್ರ ಚಲೋ ಕಾಣಂಗಿಲ್ಲ." ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಅವರು ಹಾಗೆಯೇ ಕರೆಯುತ್ತಿದ್ದರು.

ಲೋಕಲ್ ರೈಲಿನಲ್ಲಿ ಹೋದೆವು. ಚಿತ್ರವನ್ನು ಸುರುಳಿ ಸುತ್ತಿ ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟು, ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದುಕೊಂಡಿದ್ದರು. ಸೈನ್ಯದ ನೆಲೆಯಿರುವ ದೇಹೂ ರೋಡ್‌ನಲ್ಲಿ ಸೈನಿಕರು ಇಳಿದ ಮೇಲೆ ಬೋಗಿ ಖಾಲಿಯಾಯಿತು. ತಳೇಗಾಂವದಲ್ಲಿ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು. ಎಲ್ಲಿ ಅಂತ ಹುಡುಕುವುದು? ಮೊದಲ ಎರಡು ಕಡೆ ನಾನೇ ಕೇಳಿದೆ. ಮೂರನೆಯ ಕಡೆ ಅವರು ತಗಡಿನ ಬೇಲಿಗೆ ಬಾಯಿ ಹಚ್ಚಿ, ಇದ್ದಕ್ಕಿದ್ದಂತೆ ದನಿ ಎತ್ತಿ ಕೂಗಿದರು: "ಯಾದಗಿರಿ ಕಡಿ ಮಂದಿ ಅದಾರೇನ್ರಿ?"

ಅಂಥ ದನಿ ಅವರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲವೇನೋ, ಕಿವಿ ಕೆಂಪಾಯಿತು. ಆದರೂ ಬಿಡಲಿಲ್ಲ. ಮುಂದಿನ ಬೇಲಿಗೆ ಹೋದರು, ಅದರ ಮುಂದಿನದಕ್ಕೂ ಹೋದರು. ಬಿಸಿಲು ನೆತ್ತಿಗೆ ಬಂದಾಗ ಒಂದು ಕಡೆಯಿಂದ, "ಅದೀವ್ರಿ, ಯಾರು?" ಎಂದು ಉತ್ತರ ಬಂತು. ಐದು ನಿಮಿಷಕ್ಕೆ ಶರಣಮ್ಮನೇ ಓಡಿ ಬಂದಳು.

"ಅಯ್ ಕಾಕಾ! ಇಷ್ಟು ದೂರ ಹೆಂಗ್ ಬಂದ್ರಿ? ಊಟ ಆಗ್ಯದಿಲ್ಲ?"

ಶೆಡ್ಡಿನೊಳಗೆ ಹಾಸಿದ ಚಾಪೆಯ ಮೇಲೆ ಅವರು ಕೊಳವೆ ಬಿಚ್ಚಿದರು. ಸುತ್ತಿಕೊಳ್ಳುತ್ತಿದ್ದ ಕಾಗದದ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದರು. ಸುತ್ತ ಹೆಂಗಸರು, ಗಂಡಸರು ಸೇರಿದರು. "ಇಕಿ ನಮ್ಮ ಶರಣಿನೇ!" ಎಂದು ಯಾರೋ ಕೂಗಿದರು. ಶರಣಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಚಿತ್ರದಲ್ಲಿನ ಕೈಯ ಹತ್ತಿರ ಬೆರಳು ತಂದು, ತನ್ನ ಬಲಗಿವಿ ಮುಟ್ಟಿಕೊಂಡು, ಜೋರಾಗಿ ನಕ್ಕುಬಿಟ್ಟಳು.

"ಕಾಕಾ, ಈ ಕಿವ್ಯಾಗ ಫೋನು ಹಿಡದೀನಿ! ನಮ್ಮವ್ವ ಏನ್ ಹೇಳಿದ್ರೂ ನನಗ ಕೇಳಂಗಿಲ್ಲ."

"ತಪ್ಪಾಗ್ಯದವ್ವ" ಎಂದರು ಅವರು. ಅವಳಿಗೆ ಕೇಳಿಸಲಿಲ್ಲ. ಅವಳ ಎಡಗಡೆಗೆ ಸರಿದು ಮತ್ತೆ ಹೇಳಿದರು: "ನನ್ನಿಂದ ತಪ್ಪಾಗ್ಯದ. ಅದನ್ನ ಹೇಳ್ಬೇಕಂತೇ ಬಂದೀನಿ."

ಅವಳು ನಗು ನಿಲ್ಲಿಸಿ ಅವರ ಮುಖ ನೋಡಿದಳು. ಚಿತ್ರ ನೋಡಿದಳು.

"ಇರ್ಲಿ ಬಿಡ್ರಿ ಕಾಕಾ" ಎಂದಳು. "ಚಿತ್ರದಾಗರ ಕೇಳ್ಲಿ."

ಅವರು ತಲೆ ತಗ್ಗಿಸಿ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಆಕೆಯ ಗಂಡ ಚಿತ್ರವನ್ನು ತಗಡಿನ ಗೋಡೆಗೆ ಬೈಂಡಿಂಗ್ ವೈರಿನಿಂದ ಕಟ್ಟಿದ. ರೊಟ್ಟಿ, ಪುಂಡಿಪಲ್ಲೆ ಊಟ ಮಾಡಿ ಹೊರಡುವಾಗ ಶರಣಮ್ಮ ತಾನೇ ಅವರ ಫೋನು ಇಸಿದುಕೊಂಡು ಗಂಡನ ಕೈಯಲ್ಲಿ ತನ್ನ ನಂಬರ್ ಹಾಕಿಸಿದಳು. "ಫೋನ್ ಮಾಡ್ರಿ. ಮರೀಬ್ಯಾಡ್ರಿ" ಎಂದಳು.

ಅದಾದ ಮೇಲೆ ಅವರು ಉಳಿ ಹಿಡಿಯಲಿಲ್ಲ. ಉಳಿಗಳನ್ನೆಲ್ಲ ತಾವು ಓದಿದ ಕಲಾಶಾಲೆಗೆ ಕೊಟ್ಟುಬಂದರು. ಶರಣಮ್ಮನ ಚಿತ್ರದ ಇನ್ನೊಂದು ಪ್ರತಿ ತೆಗೆಯಿರಿ ಎಂದು ಗ್ಯಾಲರಿಯವರು ಕೇಳಿದಾಗ, ಲಿನೋದ ಮೇಲೆ ಅಡ್ಡಗೆರೆ ಎಳೆದುಬಿಟ್ಟಿದ್ದೇನೆ ಎಂದು ಹೇಳಿ ಕಳಿಸಿದರಂತೆ. ಮತ್ತೆ ಪ್ರತಿ ತೆಗೆಯಬಾರದೆಂದು ಅವರ ಕಸುಬಿನವರು ಹಾಗೆ ಮಾಡುವುದುಂಟು. ಬೆಳಿಗ್ಗೆ ಕ್ಲಿನಿಕ್‌ಗೆ ಬಂದು ಸ್ಪಂಜಿನ ಚೆಂಡು ಹಿಸುಕುತ್ತ ಕೂರುತ್ತಿದ್ದರು. ಕೆತ್ತುವ ಕೆಲಸ ನಿಂತ ಮೇಲೆ ಕೈ ಸುಧಾರಿಸುತ್ತ ಬಂತು. "ಈಗ ಚಲೋ ಆಗಿ ಏನ್ ಮಾಡ್ತದ್ರಿ ಇದು?" ಎಂದು ಒಮ್ಮೆ ತಮ್ಮ ಕೈಯನ್ನೇ ನೋಡಿ ಕೇಳಿದರು. ನಾನು ಸ್ಪಂಜಿನ ಚೆಂಡನ್ನು ಮತ್ತೆ ಆ ಕೈಗಿಟ್ಟೆ.

"ಶರಣಮ್ಮನಿಗೆ ಫೋನ್ ಮಾಡಿದ್ರಾ ಸರ್?" ಎಂದು ನಾನು ಆಗಾಗ ಕೇಳುತ್ತಿದ್ದೆ.

"ಆಕಿ ಕೆಲಸದಾಗ ಇರ್ತಾಳ್ರಿ. ಬುಟ್ಟಿ ಇಳಿಸಿ ಫೋನ್ ಎತ್ತಬೇಕು. ಸುಮ್ನ ಯಾಕ ತ್ರಾಸು" ಎನ್ನುತ್ತಿದ್ದರು. ಇನ್ನೊಂದು ದಿನ, "ಫೋನಿನಾಗ ಏನ್ ಮಾತಾಡೋದ್ರಿ. ಮಾತಿಗೆ ಮಾತು ಸಿಗಂಗಿಲ್ಲ. ಗ್ವಾಡಿ ಇದ್ರ ಬ್ಯಾರೆ" ಎಂದರು. ನನಗೆ ತಿಳಿದಂತೆ ಅವರು ಒಮ್ಮೆಯೂ ಮಾಡಲಿಲ್ಲ. ಸಂಜೆ ನಾನು ಮನೆಗೆ ಹೋಗುವಾಗ ತಲೆ ಎತ್ತಿದರೆ ಮೂರನೇ ಮಹಡಿಯ ಹಿಂಬದಿಯ ಕಿಟಕಿಯಲ್ಲಿ ನಿಂತಿರುತ್ತಿದ್ದರು. ಎದುರಿಗೆ ಎದ್ದುನಿಂತ ಹೊಸ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಜನ ಬಂದಿದ್ದರು, ಗಿಡಗಳ ಕುಂಡಗಳು ಬಂದಿದ್ದವು. ಅಲ್ಲಿ ಯಾರಿಗೂ ಇವರ ಗುರುತಿರಲಿಲ್ಲ.

ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕುಳಿತಲ್ಲಿಯೇ ಅವರ ಹೃದಯ ನಿಂತಿತ್ತು. ಮರುದಿನ ಬೆಳಿಗ್ಗೆ ಹಾಲಿನ ಪಾಕೀಟು ಬಾಗಿಲಲ್ಲೇ ಇದ್ದುದನ್ನು ನೋಡಿ ಅವರ ಕಟ್ಟಡದ ವಾಚ್‌ಮನ್ ಬಾಗಿಲು ತೆಗೆಸಿದ. ಸೋಲಾಪುರದಿಂದ ಅಣ್ಣನ ಮಗ ಬಂದ. ಒಳ್ಳೆಯವನೇ; ಕನ್ನಡ ಬರುತ್ತಿರಲಿಲ್ಲ, ಚಿಕ್ಕಪ್ಪ ಏನು ಮಾಡುತ್ತಿದ್ದರೆಂದೂ ಸರಿಯಾಗಿ ತಿಳಿದಿರಲಿಲ್ಲ. ಸಂಜೆಗೆ ವಿದ್ಯುತ್ ಚಿತಾಗಾರ. ಅಣ್ಣನ ಮಗ, ಅವನ ಕಾರು ಓಡಿಸಿದ ಗೆಳೆಯ, ವಾಚ್‌ಮನ್, ಚಿತ್ರಗಳಿಗೆ ಕಟ್ಟು ಹಾಕುತ್ತಿದ್ದ ಮುದುಕರೊಬ್ಬರು, ಮತ್ತು ನಾನು. ಮಾತಾಡುವವರು ಯಾರೂ ಇರಲಿಲ್ಲ. ಬಹಳ ಬೇಗ ಮುಗಿಯಿತು.

ಶರಣಮ್ಮನ ನಂಬರ್ ನನ್ನಲ್ಲಿರಲಿಲ್ಲ. ಅವರ ಫೋನಿನ ಲಾಕ್ ತೆರೆಯುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಭಾನುವಾರ ನಾನೊಬ್ಬಳೇ ತಳೇಗಾಂವಕ್ಕೆ ಹೋದೆ. ಅವಳು ಶೆಡ್ಡಿನ ಮುಂದೆ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡು ನಕ್ಕು, ನನ್ನ ಹಿಂದೆ ದಾರಿ ನೋಡಿದಳು.

"ಕಾಕಾ ಎಲ್ಲಿ ಅಕ್ಕಾ?"

ನಾನು ಅವಳ ಎಡಗಡೆ ಕುಳಿತು ಹೇಳಿದೆ. ಅವಳ ಕೈ ಬಟ್ಟೆಯಲ್ಲೇ ಉಳಿಯಿತು.

"ದಿನಾ ಫೋನ್ ನೋಡ್ತಿದ್ದೆ" ಎಂದಳು. "ಇವತ್ತು ಮಾಡ್ತಾರ, ನಾಳಿ ಮಾಡ್ತಾರ ಅಂತ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಮಣ್ಣಿಗೆ ಎಷ್ಟು ಮಂದಿ ಬಂದಿದ್ರು?"

ಸುಳ್ಳು ಹೇಳಲು ಮನಸ್ಸಾಗಿತ್ತು. ಹೇಳಲಿಲ್ಲ. "ಐದು ಜನ ಶರಣಮ್ಮ. ನನ್ನನ್ನೂ ಸೇರಿಸಿ" ಎಂದೆ.

ಅವಳು ತಿರುಗಿ ಶೆಡ್ಡುಗಳ ಸಾಲನ್ನು ನೋಡಿದಳು. ರಜೆಯ ದಿನ, ಎಲ್ಲರೂ ಅಲ್ಲೇ ಇದ್ದರು. ಗಂಡಸರು ನಲ್ಲಿಯ ಹತ್ತಿರ ಸ್ನಾನ ಮಾಡುತ್ತಿದ್ದರು, ಹೆಂಗಸರು ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು, ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಇಷ್ಟು ಮಂದಿ ಇದ್ವಲ್ಲ ಅಕ್ಕಾ ನಾವು" ಎಂದಳು. "ಕೆಲಸ ಬಿಟ್ಟು ಬರ್ತಿದ್ವಿ. ಒಂದು ಟೆಂಪೋ ತುಂಬ ಬರ್ತಿದ್ವಿ."